ಗೆಣ್ಣು ಎಲ್ಲಿದೆ ನೋಡಿ

ಎರಡು ವರ್ಷ ಕೈತುಂಬ ಕೆಂಪು ಹೂ ಕೊಟ್ಟ ಗುಲಾಬಿ ಗಿಡ ಮೂರನೆಯ ವರ್ಷ ಹೂ ಬಿಡುವುದನ್ನೇ ನಿಲ್ಲಿಸಿತು. ಗಿಡವೇನೂ ಸೊರಗಿರಲಿಲ್ಲ. ಆಳೆತ್ತರದ ಮುಳ್ಳುಕಡ್ಡಿಗಳನ್ನು ಕಾಂಪೌಂಡಿನಾಚೆಗೂ ಚಾಚಿಕೊಂಡು ಹುಲುಸಾಗಿಯೇ ನಿಂತಿತ್ತು. ಇಷ್ಟು ಚಿಗುರಿದ್ದು ಇವತ್ತಲ್ಲ ನಾಳೆ ಹೂ ಕೊಡದೇ ಇರುತ್ತದೆಯೇ ಎಂದು ನಾನು ಇನ್ನೆರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿದೆ. ಕಡ್ಡಿಗಳು ಇನ್ನೂ ಉದ್ದವಾದವು.

ಪಕ್ಕದ ಮನೆಯ ತೆಂಗಿನ ಗಿಡಕ್ಕೆ ಪಾತಿ ಮಾಡಲು ಬಂದಿದ್ದ ತೋಟದ ಕೆಲಸದವರನ್ನು ಕರೆದು ತೋರಿಸಿದೆ. ಅವರು ಕುಕ್ಕರಗಾಲಲ್ಲಿ ಕೂತು, ಬುಡದ ಮಣ್ಣನ್ನು ಬೆರಳಲ್ಲೇ ಸರಿಸಿ, ಹೆಬ್ಬೆರಳು ಗಾತ್ರದ ಒಂದು ಗಂಟನ್ನು ತೋರಿಸಿದರು. "ಇದು ಕಸಿ ಗಂಟು ಸಾರ್. ಮೇಲಿಂದು ಒಣಗಿ ಹೋಗಿ ಎಷ್ಟು ದಿನ ಆಯ್ತೋ! ನೀವು ಗೊಬ್ಬರ ಹಾಕಿ ಸಾಕ್ತಿರೋದು ಕೆಳಗಿನ ಕಾಡು ಗುಲಾಬೀನ" ಎಂದರು. ಚಿಗುರಿದ್ದ ಕಡ್ಡಿಗಳಲ್ಲಿ ಒಂದೂ ಆ ಗಂಟಿನ ಮೇಲಿನಿಂದ ಬಂದಿರಲಿಲ್ಲ.

ಪಿಯುಸಿಯಲ್ಲಿ ಸಸ್ಯಶಾಸ್ತ್ರ ಓದಿದವನು ನಾನು. ಬೇರು, ಕಾಂಡ, ಎಲೆ ಎಂದು ಬಾಣದ ಗುರುತು ಹಾಕಿ ಬಣ್ಣದ ಪೆನ್ಸಿಲಿನಲ್ಲಿ ಎಷ್ಟು ಚಿತ್ರ ಬರೆದಿದ್ದೇನೋ ಲೆಕ್ಕವಿಲ್ಲ. ಆ ಚಿತ್ರದ ಗಿಡ ನೆಟ್ಟಗೆ ನಿಂತಿರುತ್ತಿತ್ತು, ಮಣ್ಣಿನ ಕೆಳಗಿದ್ದದ್ದೆಲ್ಲ ಬೇರು, ಮೇಲಿದ್ದದ್ದೆಲ್ಲ ಕಾಂಡ, ಹಸಿರಾಗಿ ಚಪ್ಪಟೆಯಾಗಿದ್ದದ್ದೆಲ್ಲ ಎಲೆ. ನಿಜವಾದ ಗಿಡ ಅಷ್ಟು ವಿಧೇಯವಲ್ಲ. ಅದರಲ್ಲಿ ಮಣ್ಣೊಳಗಿನ ಕಾಂಡವಿದೆ, ಗಾಳಿಯಲ್ಲಿ ತೂಗುವ ಬೇರಿದೆ, ಹೂವಿನ ವೇಷ ಹಾಕಿದ ಎಲೆಯಿದೆ. ಯಾವುದು ಯಾವುದೆಂದು ಗೊತ್ತಿಲ್ಲದೆ ನೀರು, ಗೊಬ್ಬರ, ಕತ್ತರಿ ಹಿಡಿದರೆ ನನ್ನ ಗುಲಾಬಿಯ ಕಥೆಯೇ ಆಗುತ್ತದೆ.

ಕಬ್ಬೇ ಮೊದಲ ಪಾಠ

ಗಿಡದ ಯಾವ ಭಾಗವನ್ನು ಕೈಗೆತ್ತಿಕೊಂಡರೂ ಮೊದಲು ಕೇಳಬೇಕಾದದ್ದು ಒಂದೇ: ಇದರಲ್ಲಿ ಗೆಣ್ಣು ಇದೆಯೇ? ಇದ್ದರೆ ಅದು ಕಾಂಡ, ಎಲ್ಲೇ ಇರಲಿ, ಯಾವ ಆಕಾರದಲ್ಲೇ ಇರಲಿ. ಬೇರಿಗೆ ಗೆಣ್ಣಿಲ್ಲ, ಎಲೆಗೂ ಇಲ್ಲ.

ಗೆಣ್ಣು ಎಂದರೇನೆಂದು ನೋಡಲು ಸಂಕ್ರಾಂತಿಯ ಕಬ್ಬಿನಷ್ಟು ಒಳ್ಳೆಯದು ಬೇರೊಂದಿಲ್ಲ. ಜಲ್ಲೆಯನ್ನು ಹಿಡಿದು ನೋಡಿ. ಹಲ್ಲಿಗೆ ಸಿಗದ ಗಟ್ಟಿ ಬಳೆಯೇ ಗೆಣ್ಣು. ಅದರ ಒಂದು ಪಕ್ಕದಲ್ಲಿ ತ್ರಿಕೋನದ ಮೊಗ್ಗಿರುತ್ತದೆ, ರೈತರು ಅದನ್ನೇ ಕಣ್ಣು ಎನ್ನುತ್ತಾರೆ. ಸುತ್ತ ಪುಟ್ಟ ಚುಕ್ಕೆಗಳ ಸಾಲಿದೆ. ಮಣ್ಣು ತಾಗಿದರೆ ಬೇರು ಹೊರಡುವ ಜಾಗ ಅದು. ಸಿಪ್ಪೆಯಂಥ ಸೋಗೆ ಕಿತ್ತುಹೋದ ಗುರುತೂ ಅಲ್ಲೇ. ಅಂದರೆ ಎಲೆ, ಕೊಂಬೆಯಾಗಬಲ್ಲ ಮೊಗ್ಗು, ಬೇಕಾದರೆ ಬೇರು, ಈ ಮೂರೂ ಒಂದೇ ಬಳೆಯಲ್ಲಿವೆ. ನಡುವಿನ ಸಿಹಿ ತುಂಡಿನಲ್ಲಿ ಇದೇನೂ ಇಲ್ಲ. ಕಬ್ಬು ನೆಡುವವರು ಒಂದು ಕಣ್ಣಿನ, ಎರಡು ಕಣ್ಣಿನ, ಮೂರು ಕಣ್ಣಿನ ತುಂಡು ಎಂದು ಲೆಕ್ಕ ಹಾಕುವುದು ಅದಕ್ಕೇ. ಗೆಣ್ಣಿಲ್ಲದ ತುಂಡನ್ನು ಎಷ್ಟು ಉದ್ದ ಕತ್ತರಿಸಿ ಹೂತರೂ ಅದು ಕೊಳೆಯುತ್ತದೆ, ಚಿಗುರುವುದಿಲ್ಲ.

ಎಲೆಯ ತೊಟ್ಟು ಕಾಂಡವನ್ನು ಸೇರುವಲ್ಲಿ ಮೇಲ್ಬದಿಗೆ ಒಂದು ಸಂದು ಇರುತ್ತದೆ. ಅದೇ ಎಲೆಯ ಕಂಕುಳು. ಅಲ್ಲಿ ಮೊಗ್ಗಿರುವುದು ಗಿಡಗಳ ಬಹುದೊಡ್ಡ ನಿಯಮ. ಮುಂದೆ ಎಲೆಯ ವಿಷಯಕ್ಕೆ ಬಂದಾಗ ಈ ಕಂಕುಳೇ ನಮ್ಮನ್ನು ಕಾಪಾಡುತ್ತದೆ; ನೆನಪಿಟ್ಟುಕೊಳ್ಳಿ.

ಈಗ ಅಡುಗೆಮನೆಯ ತರಕಾರಿ ಬುಟ್ಟಿಗೆ ಬನ್ನಿ. ಆಲೂಗಡ್ಡೆಯ ಮೇಲಿನ ತಗ್ಗುಗಳನ್ನು ನೋಡಿ. ಅವೂ ಕಣ್ಣುಗಳೇ. ಪ್ರತಿ ಕಣ್ಣಿಗೂ ಹುಬ್ಬಿನಂಥ ಒಂದು ಗೆರೆಯಿದೆ, ಅದು ಉದುರಿದ ಕಿರು ಎಲೆಯ ಗುರುತು. ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾರ ಸುತ್ತುತ್ತ ಹೋದರೆ ಸುರುಳಿಯಾಗಿ ತುದಿ ಮುಟ್ಟುತ್ತದೆ, ಕೊಂಬೆಯ ಮೇಲೆ ಎಲೆಗಳು ಇರುವ ಹಾಗೆಯೇ. ಹಾಗಾಗಿ ಆಲೂಗಡ್ಡೆ ಮಣ್ಣೊಳಗೆ ಊದಿಕೊಂಡ ಕಾಂಡ. ಬೆಳಕು ಬಿದ್ದರೆ ಅದು ಹಸಿರಾಗುವುದು ಕಾಂಡದ ಗುಣದಿಂದಲೇ. ಹಸಿರಾದ ಭಾಗದಲ್ಲಿ ಸೊಲನೈನ್ ಎಂಬ ವಿಷವೂ ಹೆಚ್ಚುತ್ತದೆ, ಆ ಭಾಗವನ್ನು ಧಾರಾಳವಾಗಿ ಕೊಯ್ದು ಎಸೆಯಿರಿ, ಪೂರ್ತಿ ಹಸಿರಾಗಿದ್ದರೆ ಗಡ್ಡೆಯನ್ನೇ ಎಸೆಯಿರಿ.

ಪಕ್ಕದಲ್ಲೇ ಇರುವ ಗೆಣಸಿನಲ್ಲಿ ಇಂಥ ಕ್ರಮವಿಲ್ಲ. ಅದು ಬೇರು. ಗೆಣಸಿಗೂ ಚಿಗುರು ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ, ನಿಜ, ಆದರೆ ಅದು ಗೆಣ್ಣಿನ ಲೆಕ್ಕದ ಚಿಗುರಲ್ಲ, ಎಲ್ಲೆಂದರಲ್ಲಿ ಹೊಸದಾಗಿ ಹುಟ್ಟುವಂಥದ್ದು. ಅದಕ್ಕೇ ಬೆಳೆಗಾರರು ಗಡ್ಡೆಯನ್ನು ನಂಬದೆ ಬಳ್ಳಿಯ ತುಂಡನ್ನು ನೆಡುತ್ತಾರೆ. ಮರಗೆಣಸೂ ಹಾಗೆಯೇ: ತಿನ್ನುವುದು ಬೇರು, ನೆಡುವುದು ಕಡ್ಡಿ. ಅಂದ ಹಾಗೆ ಈ ಮೂರೂ ಅಮೆರಿಕ ಖಂಡಗಳಿಂದ ನಮ್ಮಲ್ಲಿಗೆ ಬಂದವು. ಸಸ್ಯಗಳ ಒಳರಚನೆಯನ್ನೇ ಜೀವನದ ಅಧ್ಯಯನವಾಗಿಸಿಕೊಂಡಿದ್ದ ಬಿ.ಜಿ.ಎಲ್. ಸ್ವಾಮಿ ಆ ಪಯಣದ ಬಗ್ಗೆ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕ' ಎಂದು ಪುಸ್ತಕವನ್ನೇ ಬರೆದಿದ್ದಾರೆ, ಸಿಕ್ಕರೆ ಓದಿ.

ಶುಂಠಿ, ಅರಿಸಿನದ ಮೈಮೇಲೆ ಉಂಗುರಗಳು ಕಾಣುತ್ತವೆ: ಗೆಣ್ಣು, ಹಾಗಾಗಿ ಕಾಂಡ. ಕೆಸುವಿನ ಗಡ್ಡೆ, ಸುವರ್ಣಗಡ್ಡೆ ಕಾಂಡ. ನವಿಲುಕೋಸು ನೆಲದ ಮೇಲೆ ಊದಿದ ಕಾಂಡ, ಎಲೆ ಕಿತ್ತ ಕಲೆಗಳು ಅದರ ಮೈಮೇಲೇ ಇವೆ. ಕ್ಯಾರೆಟ್, ಬೀಟ್‌ರೂಟ್ ಬೇರು. ಈರುಳ್ಳಿ ಇವ್ಯಾವುದೂ ಅಲ್ಲ. ಉದ್ದಕ್ಕೆ ಸೀಳಿ ನೋಡಿದರೆ ತಳದಲ್ಲಿ ಬಿಲ್ಲೆಯಂಥ ಗಟ್ಟಿ ಭಾಗ ಸಿಗುತ್ತದೆ, ನಾವು ಹೆಚ್ಚುವಾಗ ಮೊದಲು ಕೊಯ್ದು ಎಸೆಯುವುದು ಅದನ್ನೇ. ಕಾಂಡ ಅಷ್ಟೇ. ನಾವು ತಿನ್ನುವ ಪದರಗಳೆಲ್ಲ ಎಲೆಯ ಬುಡಗಳು. ಆ ಬಿಲ್ಲೆಯನ್ನು ಅರ್ಧ ಇಂಚು ದಪ್ಪಕ್ಕೆ ಉಳಿಸಿ ಕುಂಡದಲ್ಲಿಟ್ಟರೆ ಕೆಲವು ದಿನಗಳಲ್ಲಿ ಹಸಿರು ಗರಿ ಬರುತ್ತದೆ. ಎಲೆಕೋಸನ್ನೂ ಒಮ್ಮೆ ಉದ್ದಕ್ಕೆ ಸೀಳಿ ನೋಡಿ: ನಡುವೆ ಗಿಡ್ಡ ಕಾಂಡ, ಸುತ್ತ ಎಲೆಗಳು, ಪ್ರತಿ ಎಲೆಯ ಕಂಕುಳಲ್ಲೂ ಒಂದೊಂದು ಪುಟ್ಟ ಮೊಗ್ಗು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಚ್ಚುಕಟ್ಟಾದ ಚಿತ್ರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಬಾಳೆಯಂತೂ ನಮ್ಮನ್ನು ದಿನವೂ ಏಮಾರಿಸುತ್ತದೆ. ಬಾಳೆಗಿಡದ "ಕಾಂಡ" ಕಾಂಡವೇ ಅಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡ. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಗೊನೆ ಹಾಕುವ ಸಮಯ ಬಂದಾಗ ಆ ಗಡ್ಡೆಯ ತುದಿ ಎಲೆಗಳ ನಡುವೆ ತೂರಿಕೊಂಡು ಮೇಲೇರಿ ಹೂವಾಗುತ್ತದೆ. ನಾವು ಪಲ್ಯ ಮಾಡುವ ಬಾಳೆದಿಂಡು ಹಾಗೆ ಮೇಲೇರಿದ ಕಾಂಡ. ತುದಿಯೇ ಹೂವಾಗಿ ಮುಗಿದುಹೋದ ಮೇಲೆ ಆ ಗಿಡಕ್ಕೆ ಬೆಳೆಯಲು ಬೇರೆ ದಾರಿಯಿಲ್ಲ, ಅದಕ್ಕೇ ಒಂದು ಬಾಳೆ ಒಂದೇ ಗೊನೆ. ಗಡ್ಡೆಯ ಪಕ್ಕದ ಕಣ್ಣುಗಳು ಕಂದುಗಳಾಗುತ್ತವೆ. ಕಂದು ಆರಿಸುವಾಗ ಅಗಲ ಎಲೆ ಬಿಟ್ಟು ಚೆಂದ ಕಾಣುವ ಮರಿಯನ್ನು ಬಿಡಿ, ಕತ್ತಿಯಂತೆ ಕಿರಿದಾದ ಎಲೆಯ, ಬುಡ ದಪ್ಪಗಿರುವ ಮರಿಯನ್ನು ತೆಗೆದುಕೊಳ್ಳಿ. ಅಗಲ ಎಲೆಯದು ತಾಯಿಗಡ್ಡೆಗೆ ಸರಿಯಾಗಿ ಅಂಟಿಕೊಂಡಿರುವುದಿಲ್ಲ, ಅದರ ಗಡ್ಡೆಯೂ ಚಿಕ್ಕದು.

ಬೇರು ಉಸಿರಾಡುತ್ತದೆ

ಕುಂಡದ ಗಿಡಗಳು ಸಾಯುವುದು ನೀರಿಲ್ಲದೆ ಎಂದು ನಾವು ಅಂದುಕೊಂಡಿದ್ದೇವೆ. ನಾನು ನೋಡಿದ ಮಟ್ಟಿಗೆ ನೀರು ಹೆಚ್ಚಾಗಿ ಸತ್ತವೇ ಜಾಸ್ತಿ. ಎಲೆ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಬೇರಿಗೆ ಆ ಭಾಗ್ಯವಿಲ್ಲ. ಮೇಲಿನಿಂದ ಬಂದ ಸಕ್ಕರೆಯನ್ನು ಆಮ್ಲಜನಕದಲ್ಲಿ ಉರಿಸಿಯೇ ಅದು ಬದುಕಬೇಕು. ಆ ಆಮ್ಲಜನಕ ಮಣ್ಣಿನ ಕಣಗಳ ನಡುವಿನ ಗಾಳಿಯಲ್ಲಿದೆ. ನೀರು ನಿಂತರೆ ಗಾಳಿ ಹೊರಗೆ ಹೋಗುತ್ತದೆ, ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು, ಹಾಗಾಗಿ ಗಿಡ ಬಾಡುತ್ತದೆ. ಬಾಡಿದ್ದನ್ನು ನೋಡಿ ನಾವು ಇನ್ನೊಂದು ಚೊಂಬು ಹಾಕುತ್ತೇವೆ. ಗಿಡ ಬಾಡಿದಾಗ ಮೊದಲು ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಿ (ನಮ್ಮ ಬೆರಳಿಗೂ ಗೆಣ್ಣಿದೆ, ಮರೆಯಬೇಡಿ). ಮಣ್ಣು ತೇವವಿದ್ದೂ ಗಿಡ ಬಾಡಿದ್ದರೆ ನೀರು ನಿಲ್ಲಿಸಿ, ಕುಂಡದ ತಳದ ತೂತು ಕಟ್ಟಿಕೊಂಡಿದೆಯೇ ನೋಡಿ.

ಹಾಗಾದರೆ ಭತ್ತ ಹೇಗೆ ಕೆಸರಲ್ಲೇ ನಿಲ್ಲುತ್ತದೆ? ಅದರ ಎಲೆಯಿಂದ ಬೇರಿನವರೆಗೆ ಗಾಳಿಯ ಕಾಲುವೆಗಳಿವೆ. ತಾವರೆ ದಂಟನ್ನು ಮುರಿದಾಗ ಕಾಣುವ ತೂತುಗಳೂ ಅವೇ. ಹೊನ್ನಾವರದ ಶರಾವತಿ ಅಳಿವೆಯ ಕಾಂಡ್ಲಾ ಕಾಡಿಗೆ ಹೋದರೆ ಇನ್ನೊಂದು ಉಪಾಯ ಕಾಣುತ್ತದೆ: ಕೆಲವು ಜಾತಿಯ ಕಾಂಡ್ಲಾ ಗಿಡಗಳ ಸುತ್ತ ಕೆಸರಿನಿಂದ ನೂರಾರು ಬೆರಳುಗಳು ಮೇಲಕ್ಕೆ ಎದ್ದು ನಿಂತಿರುತ್ತವೆ. ಅವು ಮೇಲ್ಮುಖವಾಗಿ ಬೆಳೆದ ಬೇರುಗಳು, ಇಳಿತದ ಹೊತ್ತಿನಲ್ಲಿ ಉಸಿರು ಎಳೆದುಕೊಳ್ಳಲಿಕ್ಕೆ. ನಮ್ಮ ದಾಸವಾಳಕ್ಕೆ ಇಂಥ ಅನುಕೂಲಗಳಿಲ್ಲ.

ಮೊಳಕೆಯಲ್ಲಿ ಮೊದಲು ಹೊರಬರುವುದು ಬೇರು. ಹುರುಳಿ, ತೊಗರಿ, ಮಾವಿನಂಥವುಗಳಲ್ಲಿ ಅದೇ ನೇರ ಕೆಳಗಿಳಿದು ತಾಯಿಬೇರಾಗುತ್ತದೆ. ರಾಗಿ, ಜೋಳ, ತೆಂಗಿನಲ್ಲಿ ಅದು ಬೇಗ ಹಿಂದೆ ಬಿದ್ದು, ಕಾಂಡದ ಬುಡದಿಂದ ಹೊರಟ ಒಂದೇ ದಪ್ಪದ ತಂತುಬೇರುಗಳು ಜಡೆಯಂತೆ ಹರಡಿಕೊಳ್ಳುತ್ತವೆ. ತೊಗರಿ ಮಳೆ ಕೈಕೊಟ್ಟರೂ ನಿಲ್ಲುವುದು ಆಳಕ್ಕೆ ಇಳಿದ ಬೇರಿನ ಬಲದಿಂದ. ತೆಂಗಿನಲ್ಲಿ ಕೆಲಸ ಮಾಡುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಸುಮಾರು 2 ಮೀಟರಿನೊಳಗೆ ಇರುತ್ತವೆ, ಆದ್ದರಿಂದ 1.8 ಮೀಟರು ಸುತ್ತಳತೆಯಲ್ಲಲ್ಲ, 1.8 ಮೀಟರು ತ್ರಿಜ್ಯದಲ್ಲಿ ಪಾತಿ ಮಾಡಿ ಗೊಬ್ಬರ ಹರಡಿ. ಈ ಅಳತೆಯ ತಪ್ಪನ್ನು ಎಷ್ಟೋ ತೋಟಗಳಲ್ಲಿ ನೋಡಿದ್ದೇನೆ.

ಮಾವು, ಹಲಸಿನಂಥ ದೊಡ್ಡ ಮರಕ್ಕೂ ಬುಡಕ್ಕೇ ಗೊಬ್ಬರ ಸುರಿಯುವುದು ನಮ್ಮ ಅಭ್ಯಾಸ. ಬುಡದ ದಪ್ಪ ಬೇರುಗಳು ಮರವನ್ನು ಹಿಡಿದಿರುವ ಹಗ್ಗ, ಅವು ನೀರು ಕುಡಿಯುವುದಿಲ್ಲ. ಕುಡಿಯುವುದು ತುದಿಯ ಎಳೆಬೇರುಗಳು, ಅವುಗಳ ಮೇಲಿನ ಕೂದಲಿಗಿಂತ ಸಣ್ಣ ಬೇರುರೋಮಗಳು. ಅವು ಕೊಂಬೆಗಳ ನೆರಳು ಮುಗಿಯುವಲ್ಲಿ, ಅದರಾಚೆಗೂ, ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಗೊಬ್ಬರ ಅಲ್ಲಿಗೆ ಹೋಗಬೇಕು. ಬುಡಕ್ಕೆ ಮಣ್ಣು, ತರಗು ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ ಅಷ್ಟೆ. ಕಸಿ ಗಿಡವಾದರೆ ಕಸಿ ಗಂಟು ಯಾವಾಗಲೂ ಮಣ್ಣಿನ ಮೇಲೆ ಕಾಣುತ್ತಿರಬೇಕು. ನನ್ನ ಗುಲಾಬಿಯದು ಹೂತುಹೋಗಿತ್ತು.

ಬೇರುರೋಮಗಳೆಂದರೆ ಎಷ್ಟಿರಬಹುದು? ಅಮೆರಿಕದ ಎಚ್.ಜೆ. ಡಿಟ್ಮರ್ ಎಂಬ ವಿಜ್ಞಾನಿ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆಸಿದ ಒಂದೇ ಒಂದು ರೈ ಗಿಡದ ಬೇರನ್ನು ತೊಳೆದು ಅಳೆದು 1937ರಲ್ಲಿ ಲೆಕ್ಕ ಕೊಟ್ಟರು. ಬೇರುಗಳ ಒಟ್ಟು ಉದ್ದ 620 ಕಿಲೋಮೀಟರಿಗೂ ಹೆಚ್ಚು, ಬೆಂಗಳೂರಿನಿಂದ ಬೆಳಗಾವಿಗೆ ಹೋಗಿ ಇನ್ನೂ ಮಿಗುವಷ್ಟು. ರೋಮಗಳ ಸಂಖ್ಯೆ ಸುಮಾರು 1,400 ಕೋಟಿ. ಸಸಿಯನ್ನು ಕಿತ್ತು ಮಣ್ಣು ಕೊಡವಿ ಬೇರೆಡೆ ನೆಟ್ಟಾಗ ಅದು ಎರಡು ದಿನ ಬಾಡಿ ಮಲಗುವುದೇಕೆ ಎಂದರೆ ಇದೇ ಕಾರಣ. ದಪ್ಪ ಬೇರು ಉಳಿದಿರುತ್ತದೆ, ರೋಮಗಳು ಹರಿದು ಮಣ್ಣಿನಲ್ಲೇ ಉಳಿದುಬಿಟ್ಟಿರುತ್ತವೆ. ಮಣ್ಣಿನ ಹೆಂಟೆಯ ಸಮೇತ ಎತ್ತಿ, ಸಂಜೆಯ ಹೊತ್ತು ನೆಟ್ಟು, ಕೆಲವು ದಿನ ನೆರಳು ಮಾಡಿ. ಪಾಲಿಥಿನ್ ಚೀಲದಲ್ಲಿ ಬಹಳ ಕಾಲ ಇದ್ದ ಸಸಿಯಾದರೆ ಮಾತ್ರ ಮರುಕ ಬೇಡ: ತಳದಲ್ಲಿ ಸುರುಳಿ ಸುತ್ತಿಕೊಂಡ ಬೇರನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ಹಾಗೇ ನೆಟ್ಟರೆ ಮರವಾದ ಮೇಲೂ ಆ ಸುರುಳಿ ಸುರುಳಿಯಾಗೇ ಇರುತ್ತದೆ, ದೊಡ್ಡ ಗಾಳಿಗೆ ಬುಡಮೇಲಾಗುತ್ತದೆ.

ಅವರೆ, ಅಲಸಂದೆ, ಹೆಸರು ಬೆಳೆದವರು ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮೆಲ್ಲನೆ ಅಗೆದು ತೆಗೆಯಲಿ. ಬೇರಿನಲ್ಲಿ ಸಾಸಿವೆ, ಮೆಣಸಿನ ಕಾಳಿನಷ್ಟು ಗಂಟುಗಳಿರುತ್ತವೆ, ರೋಗವಲ್ಲ. ಉಗುರಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತಿವೆ ಎಂದರ್ಥ. ಬಿಳಿ ಅಥವಾ ಹಸಿರಾಗಿದ್ದರೆ ಕೆಲಸ ನಡೆಯುತ್ತಿಲ್ಲ, ಮುಂದಿನ ಸಲ ಬಿತ್ತನೆ ಬೀಜಕ್ಕೆ ರೈಜೋಬಿಯಂ ಲೇಪಿಸಿ.

ಗಾಳಿಯಲ್ಲಿ ಇಳಿಬಿಡುವ ಬೇರಿಗೆ ಕನ್ನಡದಲ್ಲಿ ಬಿಳಲು ಎಂಬ ಚೆಂದದ ಹೆಸರೇ ಇದೆ. ಬೆಂಗಳೂರಿನ ಹೊರಗೆ ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹಬ್ಬಿಕೊಂಡಿದೆ. ಅದರ ಮೂಲ ಕಾಂಡ ರೋಗ ಬಂದು ಹೋಗಿಯೇ ಎಷ್ಟೋ ವರ್ಷವಾಯಿತು. ಈಗ ಮರವನ್ನು ಹೊತ್ತು ನಿಂತಿರುವುದು ಬಿಳಲುಗಳು. ಕಾಂಡದಂತೆ ಕಂಡರೂ ಹುಟ್ಟಿನಲ್ಲಿ ಅವು ಬೇರು.

ತೊಗಟೆಯ ಒಳಗಿನ ಎರಡು ದಾರಿ

ಬಿಳಿ ಸುಗಂಧರಾಜದ ಕಡ್ಡಿಯನ್ನು ಶಾಯಿ ಕಲಸಿದ ನೀರಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಹೂವಿಗೆ ಬಣ್ಣ ಹತ್ತಿರುತ್ತದೆ. ನೀರು ಮೇಲೇರುವ ದಾರಿ ಕ್ಸೈಲಂ. ಮರದಲ್ಲಿ ಅದು ತೊಗಟೆಯ ಒಳಗಿನ ಗಟ್ಟಿ ಕಟ್ಟಿಗೆ. ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿಯುವ ದಾರಿ ಫ್ಲೋಯಂ, ಅದು ತೊಗಟೆಯ ಒಳಪದರದಲ್ಲೇ ಇದೆ. ಎರಡರ ನಡುವೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಕೇಂಬಿಯಂ ಎಂಬ ಪದರವಿದೆ. ಮರ ದಪ್ಪವಾಗುವುದು, ಗಾಯ ಮಾಯುವುದು, ಕಸಿ ಕೂಡುವುದು ಎಲ್ಲ ಅದರಿಂದ.

ಇಷ್ಟು ತಿಳಿದರೆ ಬಹಳ ಸಂಗತಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ದನವೋ ಆಡೋ ಮರದ ಸುತ್ತ ಬಳೆಯಂತೆ ತೊಗಟೆ ಕಿತ್ತು ತಿಂದರೆ ಮರ ಕೂಡಲೇ ಸಾಯುವುದಿಲ್ಲ, ಏಕೆಂದರೆ ನೀರಿನ ದಾರಿ ಒಳಗಿದೆ. ಎಲೆ ಹಸಿರಾಗೇ ಇರುತ್ತದೆ. ಕೆಳಗೆ ಬೇರುಗಳು ಉಪವಾಸ ಬೀಳುತ್ತವೆ, ತಿಂಗಳುಗಳ ಮೇಲೆ ಮರ ಒಣಗುತ್ತದೆ. ಸಸಿಗೆ ಆಸರೆಗೆಂದು ಬಿಗಿದ ತಂತಿ, ಪ್ಲಾಸ್ಟಿಕ್ ದಾರ ಮಾಡುವುದೂ ಇದನ್ನೇ. ಕಟ್ಟಿದ್ದನ್ನು ಆರು ತಿಂಗಳಿಗೊಮ್ಮೆ ಸಡಿಲಿಸಿ. ಬೀದಿಮರಗಳಿಗೆ ದೀಪದ ಸರ ಬಿಗಿಯುವವರಿಗೂ ಇದನ್ನು ಹೇಳಿ.

ಗೂಟಿ ಕಟ್ಟುವುದು ಇದೇ ಗಾಯದ ಸದುಪಯೋಗ. ದಾಳಿಂಬೆ, ನಿಂಬೆ, ಸೀಬೆಯ ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಗೆಣ್ಣಿನ ಕೆಳಗೆ ಒಂದು ಇಂಚು ಅಗಲಕ್ಕೆ ತೊಗಟೆಯ ಬಳೆ ತೆಗೆದು, ಒಳಗಿನ ಜಾರುವ ಪದರವನ್ನೂ ಚಾಕುವಿನಿಂದ ಕೆರೆದು, ಒದ್ದೆ ಪಾಚಿ ಇಟ್ಟು ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯುತ್ತಾರೆ. ಕೆಳಗಿಳಿಯಲಾರದ ಸಕ್ಕರೆ ಗಾಯದ ಮೇಲಂಚಿನಲ್ಲಿ ಸೇರಿಕೊಂಡು ಅಲ್ಲಿ ಬೇರು ಹೊರಡುತ್ತದೆ. ಆ ಜಾರುವ ಪದರವೇ ಕೇಂಬಿಯಂ. ಕೆರೆಯದೆ ಬಿಟ್ಟರೆ ಗಾಯ ಕೂಡಿಕೊಂಡು ಬೇರು ಬರುವುದಿಲ್ಲ. ಗೂಟಿ ಕೈಕೊಟ್ಟಿತು ಎನ್ನುವವರಲ್ಲಿ ಅರ್ಧ ಜನ ಇದನ್ನೇ ಮರೆತಿರುತ್ತಾರೆ. ಮಳೆಗಾಲ ಇದಕ್ಕೆ ಸರಿಯಾದ ಸಮಯ.

ತೆಂಗು, ಅಡಿಕೆ, ಬಾಳೆಗೆ ಈ ಕೇಂಬಿಯಂ ಇಲ್ಲ. ಹಾಗಾಗಿ ಅವಕ್ಕೆ ಕಸಿ ಇಲ್ಲ, ಗಾಯ ಮಾಯುವುದೂ ಇಲ್ಲ. ಹತ್ತಲು ಅನುಕೂಲವೆಂದು ತೆಂಗಿಗೆ ಕಚ್ಚು ಹೊಡೆದರೆ ಆ ಕಚ್ಚು ಮರ ಇರುವವರೆಗೂ ಇರುತ್ತದೆ, ನೀರು ನಿಲ್ಲುತ್ತದೆ, ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಇನ್ನೊಂದು, ತೆಂಗಿಗೆ ಬೆಳೆಯುವ ತುದಿ ಒಂದೇ, ಸುಳಿ. ಮಾವಿಗೆ ಸಾವಿರ ಕಣ್ಣು, ಒಂದು ಹೋದರೆ ಇನ್ನೊಂದು. ತೆಂಗಿನ ಸುಳಿ ಕೊಳೆತರೆ ಮರ ಹೋಯಿತು. ಮಳೆಗಾಲಕ್ಕೆ ಮುಂಚೆ ಸುಳಿಯನ್ನು ನೋಡಿಸಿ ಎಂದು ಹಿರಿಯರು ಪೀಡಿಸುವುದು ಸುಮ್ಮನೆ ಅಲ್ಲ.

ಕಡ್ಡಿ ನೆಡುವವರಿಗೆ ಎರಡು ಮಾತು. ದಾಸವಾಳ, ಮಲ್ಲಿಗೆ, ಕಾಗದದ ಹೂವಿನಲ್ಲಿ ತೀರಾ ಎಳೆಯದಲ್ಲದ, ತೀರಾ ಬಲಿತದ್ದೂ ಅಲ್ಲದ ಗೇಣುದ್ದದ ಕಡ್ಡಿ ತೆಗೆದುಕೊಳ್ಳಿ. ಮೂರು ನಾಲ್ಕು ಗೆಣ್ಣುಗಳಿರಲಿ. ಕೆಳತುದಿಯನ್ನು ಗೆಣ್ಣಿಗೆ ತಾಗಿದಂತೆ ಕೆಳಗೆ ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿ. ಎಲೆ ಕಿತ್ತ ಮೇಲೆ ಯಾವುದು ಮೇಲು ಯಾವುದು ಕೆಳಗೆ ಎಂಬ ಗೊಂದಲ ತಪ್ಪಿಸಲು ಇದೊಂದು ಗುರುತು. ತಲೆಕೆಳಗು ನೆಟ್ಟರೆ ಕಡ್ಡಿ ಅದನ್ನು ಕ್ಷಮಿಸುವುದಿಲ್ಲ. ಎರಡು ಗೆಣ್ಣು ಮಣ್ಣೊಳಗಿರಲಿ.

ಎಲ್ಲ ಕೊಂಬೆಗಳೂ ಒಂದೇ ಸ್ವಭಾವದವಲ್ಲ ಎನ್ನುವುದನ್ನು ಕಾಳುಮೆಣಸಿನಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ. ಬುಡದಿಂದ ನೆಲದ ಮೇಲೆ ಹರಿಯುವ ಹಬ್ಬುಬಳ್ಳಿಯ ತುಂಡು ನೆಟ್ಟರೆ ಮರ ಹತ್ತುವ ಬಳ್ಳಿಯಾಗುತ್ತದೆ. ಪಕ್ಕಕ್ಕೆ ಹೊರಟು ಕರೆ ಬಿಡುವ ಕೊಂಬೆಯ ತುಂಡು ನೆಟ್ಟರೆ ಅದು ಹತ್ತುವುದೇ ಇಲ್ಲ, ಕುಂಡದಲ್ಲೇ ಪೊದೆಯಾಗಿ ಕಾಳು ಬಿಡುತ್ತದೆ. ನಗರದ ಬಾಲ್ಕನಿಗೆ ಬೇಕಾದ್ದು ಈ ಪೊದೆ ಮೆಣಸು. ನರ್ಸರಿಯಲ್ಲಿ ಕೊಳ್ಳುವಾಗ ಯಾವ ಕೊಂಬೆಯದೆಂದು ಕೇಳಿಯೇ ಕೊಳ್ಳಿ.

ತುಳಸಿ, ಸೇವಂತಿಗೆ, ತೊಗರಿಯ ಕುಡಿ ಚಿವುಟುವುದೂ ಗೆಣ್ಣಿನ ಲೆಕ್ಕವೇ. ತುದಿಯ ಮೊಗ್ಗು ಇರುವವರೆಗೆ ಕೆಳಗಿನ ಕಂಕುಳ ಮೊಗ್ಗುಗಳನ್ನು ಅದು ತಡೆದಿಟ್ಟಿರುತ್ತದೆ. ಯಜಮಾನ ಹೋದ ಕೂಡಲೇ ಮಕ್ಕಳೆಲ್ಲ ಬಾಯಿ ಬಿಡುತ್ತಾರೆ. ಚಿವುಟುವಾಗ ಗೆಣ್ಣಿನ ಸ್ವಲ್ಪ ಮೇಲಕ್ಕೆ ಚಿವುಟಿ, ಬಹಳ ಮೇಲಕ್ಕಲ್ಲ. ಉಳಿದ ಮೊಂಡು ಒಣಗಿ ಕೊಳೆಯುತ್ತದೆ.

ಯಾವುದು ಒಂದು ಎಲೆ?

ಒಗ್ಗರಣೆಗೆ "ಒಂದು ಎಸಳು ಕರಿಬೇವು" ಎನ್ನುತ್ತೇವೆ. ಹದಿನೈದು ಇಪ್ಪತ್ತು ಹಸಿರು ದಳಗಳಿರುವ ಆ ಇಡೀ ಎಸಳೇ ಒಂದು ಎಲೆ. ಪರೀಕ್ಷೆ ಬೇಕೇ? ಕಂಕುಳು ನೋಡಿ. ಎಸಳು ಕಾಂಡವನ್ನು ಸೇರುವಲ್ಲಿ ಮೊಗ್ಗಿದೆ, ಒಂದೊಂದು ದಳದ ಬುಡದಲ್ಲಿ ಇಲ್ಲ. ಬಿಲ್ವದ ತ್ರಿದಳವೂ ಒಂದೇ ಎಲೆ. ಹುಣಸೆ, ಬೇವು, ನುಗ್ಗೆ ಎಲ್ಲ ಹೀಗೆ. ಆದರೆ ಹುಣಸೆಯಂತೆಯೇ ಕಾಣುವ ಬೆಟ್ಟದ ನೆಲ್ಲಿಯಲ್ಲಿ ಕಥೆ ಬೇರೆ. ಅದರ ಪುಟ್ಟ ಪುಟ್ಟ ಹಸಿರು ಒಂದೊಂದೂ ಪೂರ್ತಿ ಎಲೆ, ಅವು ಕೂತಿರುವ ಎಳೆ ಒಂದು ಕಿರುಕೊಂಬೆ. ಅದರ ಹೂಗಳು ಆ ಪುಟ್ಟ ಎಲೆಗಳ ಕಂಕುಳಲ್ಲೇ ಕೂರುತ್ತವೆ. ದಳಗಳ ಕಂಕುಳಲ್ಲಿ ಹೂ ಬರಲು ಸಾಧ್ಯವಿಲ್ಲ.

ಕರಿಬೇವನ್ನು ಕೀಳುವಾಗ ಬಿಡಿ ದಳ ತರಿದು ಕಡ್ಡಿಯನ್ನು ಬೋಳಾಗಿ ಗಿಡದಲ್ಲೇ ಬಿಡುತ್ತಾರೆ, ನಮ್ಮ ಮನೆಯಲ್ಲೂ ಇದಕ್ಕೆ ಜಗಳವಿದೆ. ಇಡೀ ಎಸಳನ್ನು ಬುಡದಿಂದ ತೆಗೆಯಿರಿ, ಆಗಾಗ ಎತ್ತರ ಹೋದ ಕುಡಿಯನ್ನು ಗೆಣ್ಣಿನ ಮೇಲೆ ಕತ್ತರಿಸಿ. ಗಿಡ ಬಡಕಲಾಗಿ ಮೇಲೇರದೆ ಪೊದೆಗಟ್ಟುತ್ತದೆ.

ವೇಷಧಾರಿ ಎಲೆಗಳೂ ಇವೆ. ಕಾಗದದ ಹೂವಿನ ಗುಲಾಬಿ ಬಣ್ಣ ಎಲೆಗಳದು, ಒಳಗಿನ ಬಿಳಿ ಕೊಳವೆಯೇ ಹೂ. ಪಾಪಾಸುಕಳ್ಳಿಯ ಹಸಿರು ಹಲಗೆ ಕಾಂಡ, ಮುಳ್ಳು ಎಲೆ. ಸುವರ್ಣಗಡ್ಡೆಯ ಗಿಡದಲ್ಲಿ ಕೊಡೆ ಹಿಡಿದು ನಿಂತ ದಪ್ಪ ದಂಟು ಒಂದೇ ಎಲೆಯ ತೊಟ್ಟು. ಮಲೆನಾಡು, ಕರಾವಳಿಯ ನೆಡುತೋಪಿನ ಅಕೇಶಿಯಾದಲ್ಲಿ ಕುಡುಗೋಲಿನಂತೆ ಕಾಣುವುದು ಚಪ್ಪಟೆಯಾದ ತೊಟ್ಟು. ನಂಬದಿದ್ದರೆ ಬೀಜದಿಂದ ಆಗಷ್ಟೇ ಎದ್ದ ಸಸಿಯನ್ನು ಹುಡುಕಿ, ಅದರ ಮೊದಲ ಎಲೆಗಳು ಗರಿಗರಿಯಾಗಿ ಇರುತ್ತವೆ.

ಇನ್ನು ಎಲೆಯ ಆರೋಗ್ಯ. ಹಳದಿಯಾದಾಗ ಅಂಗಡಿಗೆ ಓಡುವ ಮುಂಚೆ ಯಾವ ಎಲೆ ಹಳದಿಯಾಗಿದೆ ನೋಡಿ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆಯಾದರೆ ಗಿಡ ಹಳೆಯ ಎಲೆಯಿಂದ ಕಿತ್ತು ಕುಡಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಕೆಡುತ್ತದೆ. ಇಡೀ ಎಲೆ ಸಮನಾಗಿ ಮಾಸಿದರೆ ಸಾರಜನಕ, ಅಂಚು ಸುಟ್ಟಂತಾದರೆ ಪೊಟ್ಯಾಷ್, ನರಗಳು ಹಸಿರಿದ್ದು ನಡುವೆ ಹಳದಿಯಾದರೆ ಮೆಗ್ನೀಷಿಯಂ. ಕಬ್ಬಿಣ ಓಡಾಡುವುದಿಲ್ಲ, ಅದರ ಕೊರತೆ ಕಾಣುವುದು ಹೊಸ ಚಿಗುರಿನಲ್ಲಿ: ನರ ಹಸಿರು, ಉಳಿದದ್ದು ಬಿಳಿಚು ಹಳದಿ. ಸುಣ್ಣ ಹೆಚ್ಚಿರುವ ಕಪ್ಪು ಮಣ್ಣಿನ ಶೇಂಗಾ ಹೊಲಗಳಲ್ಲಿ, ಗಡಸು ಬೋರ್‌ವೆಲ್ ನೀರು ಕುಡಿಯುವ ಕೇಪಳದ ಕುಂಡಗಳಲ್ಲಿ ಇದು ಮಾಮೂಲು. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಸಂಜೆ ಸಿಂಪಡಿಸಬಹುದು. ಬುಡದ ಒಂದೆರಡು ಮುದಿ ಎಲೆ ಹಳದಿಯಾಗಿ ಉದುರಿದರೆ ಏನೂ ಮಾಡಬೇಡಿ, ವಯಸ್ಸಾಗಿದೆ.

ಸಿಂಪಡಿಸುವಾಗ ಎಲೆಯ ಕೆಳಮೈ ತೋಯಬೇಕು. ಎಲೆ ಉಸಿರಾಡುವ ಪತ್ರರಂಧ್ರಗಳು ಹೆಚ್ಚಾಗಿ ಅಲ್ಲಿವೆ (ನೀರಿನ ಮೇಲೆ ತೇಲುವ ನೈದಿಲೆ ಮಾತ್ರ ಮೇಲ್ಮೈಯಲ್ಲಿ ಇಟ್ಟುಕೊಂಡಿದೆ, ಪಾಪ ಇನ್ನೆಲ್ಲಿ ಇಡಬೇಕು). ಬಿಳಿ ನೊಣ, ಹೇನು, ನುಸಿಗಳು ಬಿಡಾರ ಹೂಡುವುದೂ ಅಲ್ಲೇ. ಹಿಟ್ಟು ತಿಗಣೆಗೆ ಕಂಕುಳು ಇಷ್ಟ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಈ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಬಿಸಿಲಲ್ಲಿ ಒಂದು ಕೊಂಬೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಗಂಟೆಯೊಳಗೆ ಒಳಗೆ ಹನಿ ಕಾಣುತ್ತದೆ. ಬೆಳಗಿನ ಹೊತ್ತು ರಾಗಿ ಪೈರಿನ ತುದಿಯಲ್ಲಿ, ಕೆಸುವಿನ ಅಂಚಿನಲ್ಲಿ ಸಾಲಾಗಿ ನಿಂತ ಹನಿ ಮಾತ್ರ ಇಬ್ಬನಿಯಲ್ಲ. ರಾತ್ರಿ ರಂಧ್ರ ಮುಚ್ಚಿದಾಗ ಬೇರಿನ ಒತ್ತಡಕ್ಕೆ ಅಂಚಿನಿಂದ ಹೊರಬಂದ ಗಿಡದ ನೀರು ಅದು. ಕಂಡರೆ ಸಂತೋಷಪಡಿ, ಬೇರು ಚೆನ್ನಾಗಿದೆ.

ಗುಲಾಬಿಯ ವಿಷಯ ಅಲ್ಲಿಗೇ ಬಿಟ್ಟೆ. ಆ ತೋಟದವರು ಅದನ್ನು ಕೀಳಬೇಡಿ ಎಂದರು. ಕಾಡು ಗುಲಾಬಿಯ ಬೇರು ಬಲವಾಗಿದೆ, ಅದಕ್ಕೇ ಬೇಕಾದ ಜಾತಿಯ ಕಣ್ಣು ಕೂರಿಸಬಹುದು ಎಂದು ಹೇಳಿ, ಒಂದೇ ಒಂದು ಕಡ್ಡಿ ಉಳಿಸಿ ಮಿಕ್ಕದ್ದನ್ನೆಲ್ಲ ಬುಡಕ್ಕೆ ಕತ್ತರಿಸಿದರು. ಅಕ್ಕನ ಮನೆಯ ಕೆಂಪು ಗುಲಾಬಿಯಿಂದ ಎಲೆಯ ಕಂಕುಳ ಕಣ್ಣೊಂದನ್ನು ತೊಗಟೆ ಸಮೇತ ತಂದು, ಆ ಕಡ್ಡಿಯ ತೊಗಟೆಯನ್ನು ಟಿ ಆಕಾರಕ್ಕೆ ಸೀಳಿ ಒಳಗೆ ಸೇರಿಸಿ ಪಟ್ಟಿ ಸುತ್ತಿದ್ದಾರೆ. ಮೂರು ವಾರವಾಯಿತು. ಕಣ್ಣು ಇನ್ನೂ ಹಸಿರಾಗಿದೆ.